ಸಮವಸ್ತ್ರದಿಂದ ತರಗತಿಗೆ: ಸೈನಿಕರು ಮತ್ತು ವ್ಯವಹಾರ ನಿರ್ವಹಣಾ ಶಿಕ್ಷಣ

(ಜಿಲ್ಲಾ ಪಂಚಾಯಿತಿ ಸಭಾಂಗಣದಲ್ಲಿ ಮಾಜಿ ಸೈನಿಕರು, ಅಗ್ನಿವೀರರು ಹಾಗೂ ಅವರ ಕುಟುಂಬದವರಿಗಾಗಿ ಏರ್ಪಡಿಸಿದ್ದ ಮಾರ್ಗದರ್ಶನ ಸಭೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಠ್ಯ)



ಸೇನೆಯಿಂದ ಮರಳಿದವರು ಸಾಮಾನ್ಯವಾಗಿ ನಮ್ಮ ಗ್ರಾಮ ಪಂಚಾಯಿತಿ ಕಚೇರಿಗಳಿಗೆ ಬರುವುದು ಖಾತೆಗಾಗಿ, ಮನೆ ಕಟ್ಟುವ ಪರವಾನಗಿಗಾಗಿ, ನೀರಿನ ಸಂಪರ್ಕಕ್ಕಾಗಿ. ಈಚೆಗೆ ಬೇರೆ ಬಗೆಯ ಪ್ರಶ್ನೆಯೊಂದು ಕೇಳಿಬರುತ್ತಿದೆ. "ಸರ್, ಸೇವೆ ಮುಗಿದ ಮೇಲೆ ಎಂಬಿಎ ಓದಬಹುದೇ? ಐಐಎಂಗೆ ಹೋಗಬಹುದೇ? ನಮ್ಮಂಥವರಿಗೆ ಅಲ್ಲಿ ಸೀಟು ಸಿಗುತ್ತದೆಯೇ?" ಈ ಪ್ರಶ್ನೆಗೆ ಬರಿಯ ಪ್ರೋತ್ಸಾಹದ ಮಾತು ಉತ್ತರವಾಗಲಾರದು. ಕೇಳುವವರು ತಮ್ಮ ಜೀವನದ ಉಳಿತಾಯವನ್ನೂ ಎರಡು ವರ್ಷಗಳ ದುಡಿಮೆಯನ್ನೂ ಪಣಕ್ಕಿಡಲು ಸಿದ್ಧರಾಗಿ ಬಂದಿರುತ್ತಾರೆ. ಆದ್ದರಿಂದ ಯಾವ ಬಾಗಿಲು ಯಾರಿಗೆ ತೆರೆದಿದೆ, ಅದನ್ನು ದಾಟಲು ಏನು ಬೇಕು, ಎಷ್ಟು ಖರ್ಚಾಗುತ್ತದೆ ಎಂಬುದನ್ನು ಲೆಕ್ಕದ ಸಮೇತ ಹೇಳಲು ಪ್ರಯತ್ನಿಸುತ್ತೇನೆ. ಎಂಜಿನಿಯರಿಂಗ್ ಓದಿ ಬಂದವನಾದುದರಿಂದ ಅಂಕಿಗಳ ಮೂಲಕ ಮಾತನಾಡುವುದು ನನಗೆ ರೂಢಿ. ಸಭಿಕರು ಸಹಿಸಿಕೊಳ್ಳಬೇಕು.

ಈ ವಿಷಯ ಈಗಲೇ ಏಕೆ?

ಅಗ್ನಿಪಥ ಯೋಜನೆ ಘೋಷಣೆಯಾದದ್ದು 2022ರ ಜೂನ್‌ನಲ್ಲಿ. ಸೇವಾವಧಿ ನಾಲ್ಕು ವರ್ಷ. ಪ್ರತಿ ತಂಡದ ಶೇ. 25ರವರೆಗಿನ ಅಗ್ನಿವೀರರನ್ನು ಮಾತ್ರ ಮುಂದಿನ ಸೇವೆಗೆ ಉಳಿಸಿಕೊಳ್ಳಲಾಗುತ್ತದೆ. 2022ರ ಕೊನೆ ಮತ್ತು 2023ರ ಆರಂಭದಲ್ಲಿ ತರಬೇತಿಗೆ ಸೇರಿದವರ ನಾಲ್ಕು ವರ್ಷಗಳು 2026ರ ಕೊನೆ ಮತ್ತು 2027ರ ಆರಂಭಕ್ಕೆ ಪೂರ್ಣಗೊಳ್ಳುತ್ತವೆ. ಹಿಂದೆ ಊರಿಗೆ ಮರಳುತ್ತಿದ್ದ ಸೈನಿಕರಿಗೆ ಸುಮಾರು ಮೂವತ್ತೈದು, ನಲವತ್ತು ವರ್ಷ ವಯಸ್ಸು. ಕೈಯಲ್ಲಿ ಪಿಂಚಣಿ ಇರುತ್ತಿತ್ತು. ಇನ್ನು ಮುಂದೆ ಮರಳುವವರಲ್ಲಿ ಬಹಳಷ್ಟು ಮಂದಿ ಇಪ್ಪತ್ತೈದರ ಆಸುಪಾಸಿನವರು. ಅವರಿಗೆ ಪಿಂಚಣಿಯಿಲ್ಲ, ಸೇವಾನಿಧಿಯೆಂದು ಸುಮಾರು 11.71 ಲಕ್ಷ ರೂಪಾಯಿ ಒಂದೇ ಗಂಟಿನಲ್ಲಿ ಬರುತ್ತದೆ. ಆ ಹಣ ಕೈಗೆ ಬಂದ ತಿಂಗಳಲ್ಲೇ ಮನೆಯ ತಾರಸಿ, ತಂಗಿಯ ಮದುವೆ, ಕೊಳವೆಬಾವಿ, ಟ್ರಾಕ್ಟರಿನ ಮುಂಗಡ ಎಲ್ಲವೂ ಎದುರಿಗೆ ಬಂದು ನಿಲ್ಲುತ್ತವೆ. ಇವು ಯಾವುವೂ ತಪ್ಪು ಖರ್ಚುಗಳಲ್ಲ. ಆದರೆ ಓದಿನ ವಿಚಾರವನ್ನು ಹಣ ಬಂದ ಮೇಲೆ ಆರಂಭಿಸಿದರೆ ತಡವಾಗುತ್ತದೆ. ಸೇವೆಯಲ್ಲಿರುವಾಗಲೇ ಆರಂಭಿಸಬೇಕು.

ಮೊದಲ ಮೆಟ್ಟಿಲು: ಪದವಿ

ಎಂಬಿಎ ಸ್ನಾತಕೋತ್ತರ ಶಿಕ್ಷಣ. ಐಐಎಂಗಳು ನಡೆಸುವ ಕ್ಯಾಟ್ ಪರೀಕ್ಷೆ ಬರೆಯಲು ಯಾವುದಾದರೂ ವಿಷಯದಲ್ಲಿ ಕನಿಷ್ಠ ಶೇ. 50 ಅಂಕಗಳೊಡನೆ ಪದವಿ ಇರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ. 45 ಸಾಕು. ಪದವಿಯ ಅಂತಿಮ ವರ್ಷದಲ್ಲಿರುವವರೂ ಬರೆಯಬಹುದು. ವಯೋಮಿತಿ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಎಸ್ಸೆಸ್ಸೆಲ್ಸಿ ಪಾಸಾಗಿ ಹದಿನೈದು ವರ್ಷ ಸೇವೆ ಸಲ್ಲಿಸಿ ಸೇನೆಯ ವಿಶೇಷ ಶಿಕ್ಷಣ ಪ್ರಮಾಣಪತ್ರ ಪಡೆದವರನ್ನು ಪದವೀಧರರಿಗೆ ಸಮಾನರೆಂದು ಪರಿಗಣಿಸುವ ಆದೇಶವಿದೆ. ಅದು ಕೇಂದ್ರ ಸರ್ಕಾರದ ಸಿ ಗುಂಪಿನ ಹುದ್ದೆಗಳ ನೇಮಕಾತಿಗಾಗಿ ಮಾಡಿದ ಏರ್ಪಾಡು. ವಿಶ್ವವಿದ್ಯಾಲಯದ ಪದವಿಯ ಜಾಗದಲ್ಲಿ ಅದು ನಡೆಯುತ್ತದೆಂದು ನಂಬಿ ಪ್ರವೇಶ ಪರೀಕ್ಷೆಗೆ ಹಣ ಕಟ್ಟಬೇಡಿ. ಸಂದೇಹವಿದ್ದರೆ ಆಯಾ ಸಂಸ್ಥೆಗೆ ಬರೆದು ಲಿಖಿತ ಉತ್ತರ ಪಡೆಯಿರಿ.

ಅಗ್ನಿವೀರರಿಗೆ ಈ ಮೆಟ್ಟಿಲನ್ನು ಸೇವಾವಧಿಯಲ್ಲೇ ಏರುವ ಅವಕಾಶವನ್ನು ಸರ್ಕಾರ ಕಲ್ಪಿಸಿದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಮೂಲಕ ಮೂರು ವರ್ಷಗಳ ವಿಶೇಷ ಪದವಿಯನ್ನು ರೂಪಿಸಲಾಗಿದ್ದು, ಅದರ ಅರ್ಧದಷ್ಟು ಕ್ರೆಡಿಟ್‌ಗಳು ಸೇನೆಯಲ್ಲಿ ಪಡೆದ ಕೌಶಲ ತರಬೇತಿಯಿಂದಲೇ ಲಭಿಸುತ್ತವೆ. ಉಳಿದರ್ಧಕ್ಕೆ ಪಠ್ಯ ಓದಿ ಪರೀಕ್ಷೆ ಬರೆಯಬೇಕು. ನಾಲ್ಕು ವರ್ಷ ಪೂರೈಸಿ ಪದವಿಯಿಲ್ಲದೆ ಊರಿಗೆ ಬರುವುದಕ್ಕೂ ಪದವಿಯೊಡನೆ ಬರುವುದಕ್ಕೂ ಬಹಳ ಅಂತರವಿದೆ. ರಜೆ ಮುಗಿಸಿ ಘಟಕಕ್ಕೆ ಮರಳಿದ ಕೂಡಲೇ ನೋಂದಣಿಯಾಗಿದೆಯೇ, ಎಷ್ಟು ವಿಷಯ ಬಾಕಿಯಿವೆ ಎಂದು ವಿಚಾರಿಸಿಕೊಳ್ಳಿ.

ನಾಲ್ಕು ಬಾಗಿಲುಗಳು

"ಐಐಎಂನಲ್ಲಿ ಓದಿದೆ" ಎಂಬ ಒಂದೇ ಮಾತಿನೊಳಗೆ ಬೇರೆ ಬೇರೆ ಶಿಕ್ಷಣಗಳು ಅಡಗಿರುತ್ತವೆ. ಇವುಗಳ ವ್ಯತ್ಯಾಸ ತಿಳಿಯದೆ ಹಣ ಕಟ್ಟುವುದು ಸರಿಯಲ್ಲ.

ಒಂದನೆಯದು, ಕ್ಯಾಟ್ ಮೂಲಕ ಪ್ರವೇಶ ಪಡೆಯುವ ಎರಡು ವರ್ಷಗಳ ಪೂರ್ಣಾವಧಿ ಎಂಬಿಎ. 1961ರಲ್ಲಿ ಕಲ್ಕತ್ತ ಮತ್ತು ಅಹಮದಾಬಾದ್‌ನಲ್ಲಿ, 1973ರಲ್ಲಿ ನಮ್ಮ ಬೆಂಗಳೂರಿನಲ್ಲಿ ಆರಂಭವಾದ ಈ ಸಂಸ್ಥೆಗಳು ಈಗ ದೇಶದಲ್ಲಿ ಇಪ್ಪತ್ತಕ್ಕೂ ಹೆಚ್ಚಿವೆ. ಹಿಂದೆ ಇವು ಡಿಪ್ಲೊಮಾ ನೀಡುತ್ತಿದ್ದವು. 2017ರ ಐಐಎಂ ಕಾಯಿದೆಯ ನಂತರ ಪದವಿಯನ್ನೇ ನೀಡುತ್ತಿವೆ. ಇಲ್ಲಿ ಪಕ್ಕದಲ್ಲಿ ಕುಳಿತುಕೊಳ್ಳುವ ಸಹಪಾಠಿಗಳು ಹೆಚ್ಚಿನಂಶ ಇಪ್ಪತ್ತೆರಡರಿಂದ ಇಪ್ಪತ್ತಾರು ವರ್ಷದವರು. ಆದ್ದರಿಂದ ಇದು ಅಗ್ನಿವೀರರ ವಯಸ್ಸಿಗೆ ಹೊಂದುವ ಬಾಗಿಲು.

ಎರಡನೆಯದು, ಅನುಭವಿಗಳಿಗಾಗಿ ಇರುವ ಒಂದು ವರ್ಷದ ಪೂರ್ಣಾವಧಿ ಶಿಕ್ಷಣ. ಬೆಂಗಳೂರು ಐಐಎಂನ ಇಪಿಜಿಪಿ, ಅಹಮದಾಬಾದಿನ ಪಿಜಿಪಿಎಕ್ಸ್ ಈ ಬಗೆಯವು. ಇವುಗಳಿಗೆ ಜಿಮ್ಯಾಟ್ ಅಥವಾ ಜಿಆರ್‌ಇ ಅಂಕ, ಹಲವು ವರ್ಷಗಳ ಅನುಭವ, ಪ್ರಬಂಧಗಳು, ಶಿಫಾರಸು ಪತ್ರಗಳು ಬೇಕು. ಹತ್ತು ಅಥವಾ ಹದಿನಾಲ್ಕು ವರ್ಷ ಪೂರೈಸಿ ಹೊರಬರುವ ಅಲ್ಪಾವಧಿ ಕಮಿಷನ್ ಅಧಿಕಾರಿಗಳು ಹೆಚ್ಚಾಗಿ ಆರಿಸಿಕೊಳ್ಳುವುದು ಇದನ್ನು.

ಮೂರನೆಯದು, ರಕ್ಷಣಾ ಸಚಿವಾಲಯದ ಅಧೀನದಲ್ಲಿರುವ ಪುನರ್ವಸತಿ ಮಹಾನಿರ್ದೇಶನಾಲಯ ಏರ್ಪಡಿಸುವ ಸುಮಾರು ಆರು ತಿಂಗಳ ಪ್ರಮಾಣಪತ್ರ ಕೋರ್ಸುಗಳು. ಅಹಮದಾಬಾದ್, ಲಖನೌ, ಇಂದೋರ್ ಮುಂತಾದ ಐಐಎಂಗಳಲ್ಲಿ ನಿವೃತ್ತಿಯ ಅಂಚಿನ ಅಧಿಕಾರಿಗಳಿಗಾಗಿ ಇವು ನಡೆದಿವೆ. ಶುಲ್ಕದ ದೊಡ್ಡ ಪಾಲನ್ನು ನಿರ್ದೇಶನಾಲಯವೇ ಭರಿಸುತ್ತದೆ. ಜೆಸಿಒ ಮತ್ತು ಇತರ ದರ್ಜೆಯವರಿಗೆ ಬೇರೆ ಬೇರೆ ಸಂಸ್ಥೆಗಳಲ್ಲಿ ಉಚಿತ ಕೋರ್ಸುಗಳಿವೆ. ಇವು ಉಪಯುಕ್ತ ಕೋರ್ಸುಗಳು. ಆದರೆ ಪ್ರಮಾಣಪತ್ರವೇ ಬೇರೆ, ಪದವಿಯೇ ಬೇರೆ.

ನಾಲ್ಕನೆಯದು, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿ ಮೂಲಕ ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲೂ ಕಾಲೇಜುಗಳಲ್ಲೂ ಎಂಬಿಎ. ಖರ್ಚು ಕಡಿಮೆ, ಮನೆಗೂ ಹತ್ತಿರ. ಇದನ್ನು ಎರಡನೇ ದರ್ಜೆಯದೆಂದು ಮೂಗು ಮುರಿಯುವ ಕಾರಣವಿಲ್ಲ. ಆದರೆ ಕಾಲೇಜಿನಿಂದ ಕಾಲೇಜಿಗೆ ಗುಣಮಟ್ಟ ಬದಲಾಗುವುದರಿಂದ, ಹಿಂದಿನ ಮೂರು ವರ್ಷಗಳಲ್ಲಿ ಅಲ್ಲಿ ಓದಿದವರು ಎಲ್ಲಿ ಕೆಲಸಕ್ಕೆ ಸೇರಿದರೆಂದು ವಿಚಾರಿಸದೆ ಸೇರಬಾರದು.

ಹದಿನೇಳು ವರ್ಷ ಸೇವೆ ಸಲ್ಲಿಸಿ, ಶಾಲೆಗೆ ಹೋಗುವ ಮಕ್ಕಳನ್ನುಳ್ಳ ಹವಾಲ್ದಾರರೊಬ್ಬರು ನನ್ನನ್ನು ಕೇಳಿದರೆ, ಮೊದಲ ಬಾಗಿಲನ್ನು ನಾನು ಸೂಚಿಸಲಾರೆ. ನಿಯಮ ತಡೆಯುವುದಿಲ್ಲ, ನಿಜ. ಆದರೆ ಅಲ್ಲಿನ ಕ್ಯಾಂಪಸ್ ನೇಮಕಾತಿ ತರುಣರನ್ನು ಕಣ್ಣಮುಂದಿಟ್ಟುಕೊಂಡು ನಡೆಯುವಂಥದು. ಅವರಿಗೆ ಮೂರನೆಯ ಮತ್ತು ನಾಲ್ಕನೆಯ ಬಾಗಿಲುಗಳು ಹೆಚ್ಚು ಫಲ ಕೊಡುತ್ತವೆ. ಇದನ್ನು ಹೇಳುವುದು ಅವರನ್ನು ಕಡಿಮೆಯಾಗಿ ಕಂಡಂತಲ್ಲ. ಸುಳ್ಳು ಭರವಸೆ ಕೊಟ್ಟು ಅವರ ಎರಡು ವರ್ಷಗಳನ್ನು ಕಳೆಯುವ ಹಕ್ಕು ನಮಗಿಲ್ಲ.

ಪರೀಕ್ಷೆಯ ಸ್ವರೂಪ

ಕ್ಯಾಟ್ ಸಾಮಾನ್ಯವಾಗಿ ನವೆಂಬರ್ ಕೊನೆಯ ಭಾನುವಾರ ನಡೆಯುತ್ತದೆ. ನೋಂದಣಿ ಆಗಸ್ಟ್, ಸೆಪ್ಟೆಂಬರ್ ತಿಂಗಳಲ್ಲಿ. ಈಚಿನ ವರ್ಷಗಳಲ್ಲಿ ಸುಮಾರು ಮೂರು ಲಕ್ಷ ಮಂದಿ ನೋಂದಾಯಿಸಿಕೊಂಡಿದ್ದಾರೆ. ಒಟ್ಟು 120 ನಿಮಿಷಗಳು, ಮೂರು ಭಾಗಗಳು: ಇಂಗ್ಲಿಷ್ ಓದು ಮತ್ತು ಗ್ರಹಿಕೆ, ದತ್ತಾಂಶ ಮತ್ತು ತರ್ಕ, ಗಣಿತ. ಪ್ರತಿ ಭಾಗಕ್ಕೆ 40 ನಿಮಿಷ. ಒಂದರ ಸಮಯವನ್ನು ಇನ್ನೊಂದಕ್ಕೆ ಬಳಸುವಂತಿಲ್ಲ. ಸರಿಯುತ್ತರಕ್ಕೆ 3 ಅಂಕ. ಆಯ್ಕೆಯ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ 1 ಅಂಕ ಕಳೆಯುತ್ತಾರೆ. ಉತ್ತರವನ್ನು ನಾವೇ ಟೈಪು ಮಾಡಬೇಕಾದ ಪ್ರಶ್ನೆಗಳಿಗೆ ಕಳೆಯುವುದಿಲ್ಲ.

ಒಂದು ಸಣ್ಣ ಲೆಕ್ಕ ಮಾಡೋಣ. ನಾಲ್ಕು ಆಯ್ಕೆಗಳ ಪ್ರಶ್ನೆಯನ್ನು ಕಣ್ಣು ಮುಚ್ಚಿ ನಾಲ್ಕು ಬಾರಿ ಊಹಿಸಿದರೆ ಒಮ್ಮೆ ಸರಿಯಾಗಿ 3 ಅಂಕ ಬಂದೀತು, ಮೂರು ಬಾರಿ ತಪ್ಪಾಗಿ 3 ಅಂಕ ಹೋದೀತು. ಫಲ ಸೊನ್ನೆ. ಆದರೆ ಒಂದು ಆಯ್ಕೆ ಖಂಡಿತ ತಪ್ಪೆಂದು ತಿಳಿದು ಉಳಿದ ಮೂರರಲ್ಲಿ ಊಹಿಸಿದರೆ ಮೂರು ಪ್ರಯತ್ನಗಳಿಗೆ ಸರಾಸರಿ 1 ಅಂಕದ ಲಾಭವಿದೆ. ಕುರುಡು ಊಹೆಯಲ್ಲಿ ಸಮಯ ಮಾತ್ರ ವ್ಯರ್ಥ. ಅರ್ಧ ತಿಳಿದು ಊಹಿಸುವುದು ಲಾಭದಾಯಕ.

ಇನ್ನೊಂದು ತಪ್ಪು ಕಲ್ಪನೆ ಪರ್ಸೆಂಟೈಲ್ ಕುರಿತದ್ದು. 99 ಪರ್ಸೆಂಟೈಲ್ ಎಂದರೆ ನೂರಕ್ಕೆ 99 ಅಂಕ ಎಂದಲ್ಲ. ಬರೆದ ನೂರು ಮಂದಿಯಲ್ಲಿ ಸುಮಾರು 99 ಮಂದಿ ನಮ್ಮ ಹಿಂದಿದ್ದಾರೆ ಎಂದರ್ಥ. ಈಚಿನ ವರ್ಷಗಳಲ್ಲಿ ಒಟ್ಟು ಅಂಕಗಳ ಅರ್ಧಕ್ಕಿಂತ ಕಡಿಮೆ ಪಡೆದವರೂ ಆ ಮಟ್ಟವನ್ನು ಮುಟ್ಟಿದ್ದಾರೆ. ಅಂದರೆ ಇದು ಎಲ್ಲ ಪ್ರಶ್ನೆಗಳನ್ನೂ ಬಿಡಿಸುವವರ ಪರೀಕ್ಷೆಯಲ್ಲ. ಯಾವುದನ್ನು ಬಿಡಬೇಕೆಂದು ಬಲ್ಲವರ ಪರೀಕ್ಷೆ. ಕೈಯಲ್ಲಿರುವ ಗುಂಡುಗಳನ್ನು ಎಣಿಸಿ ಬಳಸಲು ಕಲಿತವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಕಷ್ಟವಿರುವುದು ಇಂಗ್ಲಿಷ್ ಓದಿನಲ್ಲಿ. ನಮ್ಮ ಬಹುಪಾಲು ತರುಣರು ಕನ್ನಡ ಮಾಧ್ಯಮದವರು. ಸೇನೆಯಲ್ಲಿ ಹಿಂದಿ ಕಲಿತಿರುತ್ತಾರೆ. ಇಂಗ್ಲಿಷ್ ಗದ್ಯವನ್ನು ವೇಗವಾಗಿ ಓದಿ ಲೇಖಕನ ವಾದವನ್ನು ಹಿಡಿಯುವ ಅಭ್ಯಾಸ ಒಂದು ತಿಂಗಳ ಕೋಚಿಂಗ್‌ನಿಂದ ಬರುವುದಿಲ್ಲ. ದಿನಕ್ಕೊಂದು ಸಂಪಾದಕೀಯವನ್ನು ಓದಿ, ಅದರ ಸಾರವನ್ನು ಮೊದಲು ಕನ್ನಡದಲ್ಲಿ, ಅನಂತರ ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಬರೆಯುವುದನ್ನು ಒಂದು ವರ್ಷ ಬಿಡದೆ ಮಾಡಿದರೆ ಫಲ ಕಾಣುತ್ತದೆ. ಮುಂಜಾನೆ ಪಿ.ಟಿ.ಗೆ ತಪ್ಪದೆ ಎದ್ದವರಿಗೆ ಇಂಥ ನಿಯಮ ಅಸಾಧ್ಯವಲ್ಲ.

ಅಂಕ ಬಂದರೂ ಆಯ್ಕೆ ಮುಗಿಯಲಿಲ್ಲ. ಹತ್ತನೆಯ ತರಗತಿ, ಪಿಯುಸಿ, ಪದವಿಯ ಅಂಕಗಳಿಗೂ ಅನುಭವಕ್ಕೂ ಹಲವು ಐಐಎಂಗಳು ತೂಕ ಕೊಡುತ್ತವೆ. ಈ ತೂಕ ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಹಳೆಯ ಅಂಕಗಳು ಕಡಿಮೆಯಿದ್ದವರು ಅವುಗಳಿಗೆ ಕಡಿಮೆ ತೂಕ ಕೊಡುವ ಸಂಸ್ಥೆಗಳನ್ನು ಹುಡುಕಿ ಅರ್ಜಿ ಹಾಕಬೇಕು. ಪ್ರವೇಶ ನೀತಿಯನ್ನು ಪ್ರತಿ ಸಂಸ್ಥೆಯೂ ಪ್ರಕಟಿಸುತ್ತದೆ. ಇನ್ನು ಮೀಸಲಾತಿಯ ವಿಷಯ. ಕೇಂದ್ರದ ನಿಯಮದಂತೆ ಪರಿಶಿಷ್ಟ ಜಾತಿ, ಪಂಗಡ, ಇತರ ಹಿಂದುಳಿದ ವರ್ಗ, ಆರ್ಥಿಕವಾಗಿ ದುರ್ಬಲರು, ಅಂಗವಿಕಲರಿಗೆ ಐಐಎಂಗಳಲ್ಲಿ ಪಾಲಿದೆ. ಮಾಜಿ ಸೈನಿಕರೆಂಬ ಕಾರಣಕ್ಕೆ ಪ್ರತ್ಯೇಕ ಪಾಲು ಇಲ್ಲ. ಸ್ಪರ್ಧೆ ಎಲ್ಲರೊಡನೆ.

ಸೇವೆಯನ್ನು ನಾಗರಿಕ ಭಾಷೆಗೆ ತರುವುದು

ಸಂದರ್ಶನದಲ್ಲಿ ಸೈನಿಕರು ಹಿಂದುಳಿಯುವುದು ಅನುಭವದ ಕೊರತೆಯಿಂದಲ್ಲ, ಅದನ್ನು ಹೇಳಿಕೊಳ್ಳದಿರುವುದರಿಂದ. "ಸ್ಟೋರ್ ಡ್ಯೂಟಿ ಮಾಡಿದೆ" ಎಂದು ಒಂದು ಮಾತಿನಲ್ಲಿ ಮುಗಿಸುವವರು ಬಹಳ. ಊಹಿಸಿಕೊಳ್ಳಿ: ಒಬ್ಬ ನಾಯಕ್ ಕಂಪನಿಯ ನೂರಾರು ಮಂದಿಯ ಪಡಿತರ, ಬಟ್ಟೆ, ಇಂಧನದ ದಾಸ್ತಾನು ನೋಡಿಕೊಂಡಿದ್ದಾರೆ. ಹಿಮದಿಂದ ರಸ್ತೆ ಮುಚ್ಚುವ ಮುನ್ನ ಚಳಿಗಾಲಕ್ಕೆ ಬೇಕಾದುದನ್ನೆಲ್ಲ ಲೆಕ್ಕ ಹಾಕಿ ಏರಿಸಿದ್ದಾರೆ. ಲೆಡ್ಜರು ತಪಾಸಣೆಯಲ್ಲಿ ತಾಳೆಯಾಗಿದೆ. ನಿರ್ವಹಣಾ ಶಾಲೆಯಲ್ಲಿ ಇದನ್ನೇ ಪೂರೈಕೆ ಸರಪಳಿ, ಬೇಡಿಕೆಯ ಅಂದಾಜು, ದಾಸ್ತಾನು ನಿಯಂತ್ರಣ ಎಂಬ ಹೆಸರುಗಳಲ್ಲಿ ಕಲಿಸುತ್ತಾರೆ. ಎಷ್ಟು ಜನ, ಎಷ್ಟು ದಿನ, ಯಾವ ಅಡಚಣೆ, ತಾವು ಮಾಡಿದ ನಿರ್ಧಾರವೇನು, ಫಲಿತಾಂಶವೇನು ಎಂಬ ಐದು ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಂಡರೆ ಸೇವೆಯ ಪ್ರತಿ ವರ್ಷವೂ ಒಂದು ಅರ್ಥಪೂರ್ಣ ಉತ್ತರವಾಗುತ್ತದೆ.

ಎರಡು ಮಿತಿಗಳನ್ನು ಮರೆಯಬಾರದು. ಘಟಕದ ನೆಲೆ, ಸಂಖ್ಯೆ, ಕಾರ್ಯಾಚರಣೆಯ ವಿವರಗಳನ್ನು ಅರ್ಜಿಯಲ್ಲಾಗಲಿ ಸಂದರ್ಶನದಲ್ಲಾಗಲಿ ಹೇಳುವಂತಿಲ್ಲ. ಗೋಪ್ಯತೆಯ ಬಾಧ್ಯತೆ ಸೇವೆ ಮುಗಿದ ಮೇಲೂ ಉಳಿಯುತ್ತದೆ. ಹಾಗೆಯೇ, ಸೇವೆಯಲ್ಲಿರುವಾಗ ಪರೀಕ್ಷೆ ಬರೆಯಲು ಘಟಕದ ಅನುಮತಿ ಮತ್ತು ರಜೆ ಬೇಕು. ನವೆಂಬರ್‌ನ ಪರೀಕ್ಷೆಗೆ ಮಾತನ್ನು ಅದೇ ಬೇಸಿಗೆಯಲ್ಲಿ ಎತ್ತಬೇಕು.

"ಎಂಬಿಎ ಏಕೆ?" ಎಂಬ ಪ್ರಶ್ನೆಗೆ "ಒಳ್ಳೆಯ ಸಂಬಳಕ್ಕಾಗಿ" ಎಂಬ ಉತ್ತರ ಪ್ರಾಮಾಣಿಕವಾದರೂ ಸಾಲದು. ಯಾವ ಕೆಲಸಕ್ಕೆ, ಆ ಕೆಲಸಕ್ಕೆ ಈ ಓದು ಏಕೆ ಬೇಕು ಎಂಬುದು ಸ್ಪಷ್ಟವಿರಬೇಕು. ಸ್ಪಷ್ಟವಿಲ್ಲದಿದ್ದರೆ ಓದದಿರುವುದೂ ಒಂದು ಸರಿಯಾದ ನಿರ್ಧಾರವೇ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರು ಸೇನೆ ಬಿಟ್ಟ ಮೇಲೆ ಹಿಡಿದದ್ದು ಕೃಷಿಯ ದಾರಿ. ಅಲ್ಲಿಂದ ಉದ್ಯಮಕ್ಕೆ ಬಂದು 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿದರು. ದಾರಿ ಒಂದೇ ಅಲ್ಲವೆಂಬುದಕ್ಕೆ ಇದು ನಿದರ್ಶನ.

ಹಣದ ಲೆಕ್ಕ

ಹಿರಿಯ ಐಐಎಂಗಳಲ್ಲಿ ಎರಡು ವರ್ಷದ ಶುಲ್ಕ ಈಗ 20 ಲಕ್ಷ ರೂಪಾಯಿಯನ್ನು ಮೀರಿದೆ. ಸೇವಾನಿಧಿ ಪೂರ್ಣವಾಗಿ ಸುರಿದರೂ ಅರ್ಧದಷ್ಟೇ ತುಂಬುತ್ತದೆ. ಉಳಿದದ್ದಕ್ಕೆ 12 ಲಕ್ಷ ರೂಪಾಯಿ ಸಾಲ ಮಾಡಿ, ವಾರ್ಷಿಕ ಶೇ. 9ರ ಬಡ್ಡಿಯೆಂದು ಹಿಡಿದು, ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 15,200 ರೂಪಾಯಿ ಕಂತು ಬರುತ್ತದೆ. ಓದುವ ಎರಡು ವರ್ಷಗಳ ಬಡ್ಡಿ ಇದಕ್ಕೆ ಹೆಚ್ಚುವರಿ. ಒಳ್ಳೆಯ ಸಂಸ್ಥೆಯಿಂದ ಹೊರಬಂದವರಿಗೆ ಈ ಕಂತು ಹೊರೆಯಾಗದು. ಹೆಸರಿಲ್ಲದ ಕಾಲೇಜಿಗೆ ಇಷ್ಟೇ ಹಣ ಸುರಿದರೆ ಇದೇ ಕಂತು ಮನೆಯನ್ನು ಮುಳುಗಿಸಬಹುದು. ಆದ್ದರಿಂದ ಶುಲ್ಕ ಹೆಚ್ಚೋ ಕಡಿಮೆಯೋ ಎಂಬುದಕ್ಕಿಂತ ಆ ಶುಲ್ಕಕ್ಕೆ ಸಂಸ್ಥೆ ತಕ್ಕುದೋ ಎಂಬುದು ಮುಖ್ಯ ಪ್ರಶ್ನೆ.

2024ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಡಿ, ಗುರುತಿಸಲಾದ ಉನ್ನತ ಸಂಸ್ಥೆಗಳಲ್ಲಿ ಪ್ರವೇಶ ಪಡೆದವರಿಗೆ ಅಡಮಾನವಾಗಲಿ ಜಾಮೀನುದಾರರಾಗಲಿ ಇಲ್ಲದೆ ಶಿಕ್ಷಣ ಸಾಲ ದೊರೆಯುತ್ತದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರದವರಿಗೆ 10 ಲಕ್ಷದವರೆಗಿನ ಸಾಲಕ್ಕೆ, ಮರುಪಾವತಿ ಆರಂಭವಾಗುವವರೆಗೆ ಶೇ. 3ರಷ್ಟು ಬಡ್ಡಿ ಸಹಾಯಧನಕ್ಕೆ ಅವಕಾಶವಿದೆ. ತಂದೆಯವರು ಜಮೀನಿನ ಪಹಣಿ ಹಿಡಿದು ಬ್ಯಾಂಕಿಗೆ ಅಲೆಯುವ ಮೊದಲು ಇದನ್ನು ಕೇಳಿ ತಿಳಿಯಬೇಕು. ನನ್ನ ಸಲಹೆ ಇಷ್ಟು: ಸೇವಾನಿಧಿಯ ಒಂದು ಪಾಲನ್ನು ಮುಟ್ಟದೆ ಠೇವಣಿಯಲ್ಲಿಡಿ. ಇಡೀ ಗಂಟನ್ನು ಒಂದೇ ಕಡೆ, ಅದು ಮನೆಯಾಗಲಿ ಓದಾಗಲಿ, ಸುರಿಯಬೇಡಿ.

ಹೊರದೇಶದ ಒಂದು ಪಾಠ

ಅಮೆರಿಕದಲ್ಲಿ 1944ರ ಜೂನ್ 22ರಂದು ಯುದ್ಧದಿಂದ ಮರಳುವ ಸೈನಿಕರ ಶಿಕ್ಷಣಕ್ಕಾಗಿ ಕಾಯಿದೆಯೊಂದು ಜಾರಿಗೆ ಬಂತು. ಜಿ.ಐ. ಬಿಲ್ ಎಂದು ಅದು ಪ್ರಸಿದ್ಧ. ವರ್ಷಕ್ಕೆ 500 ಡಾಲರ್‌ವರೆಗಿನ ಶುಲ್ಕವನ್ನೂ ಜೀವನ ಭತ್ಯೆಯನ್ನೂ ಸರ್ಕಾರವೇ ಕೊಟ್ಟಿತು. ಹಾರ್ವರ್ಡ್ ವಿಶ್ವವಿದ್ಯಾಲಯದ ಅಂದಿನ ಅಧ್ಯಕ್ಷ ಜೇಮ್ಸ್ ಕೋನಂಟ್ ಅವರಂಥ ವಿದ್ವಾಂಸರೇ ಇದರಿಂದ ಶಿಕ್ಷಣದ ಮಟ್ಟ ಕುಸಿಯಬಹುದೆಂದು ಶಂಕಿಸಿದ್ದರು. ನಡೆದದ್ದು ಬೇರೆ. ಸುಮಾರು 22 ಲಕ್ಷ ಮಾಜಿ ಸೈನಿಕರು ಕಾಲೇಜು ಸೇರಿ, ಶ್ರದ್ಧೆಯ ವಿದ್ಯಾರ್ಥಿಗಳೆಂದು ಹೆಸರು ಪಡೆದರು. ಹಾರ್ವರ್ಡ್ ನಿರ್ವಹಣಾ ಶಾಲೆಯ 1949ರ ತಂಡದಲ್ಲಿ ಬಹುಪಾಲು ಮಾಜಿ ಸೈನಿಕರೇ ಇದ್ದರು. ದೊಡ್ಡ ಕಂಪನಿಗಳನ್ನು ನಡೆಸಿದ ಅನೇಕರು ಆ ತಂಡದಿಂದ ಬಂದರು. ಸೈನಿಕನ ಶಿಸ್ತಿನ ಜೊತೆಗೆ ವ್ಯವಸ್ಥೆಯ ಬೆಂಬಲವೂ ಸೇರಿದಾಗ ಇಂಥ ಫಲ ಬರುತ್ತದೆ. ಬರಿಯ ಶಿಸ್ತನ್ನು ಹೊಗಳಿ ಬೆಂಬಲವನ್ನು ಮರೆತರೆ ನಾವು ಅರ್ಧ ಪಾಠ ಮಾತ್ರ ಕಲಿತಂತೆ.

ಪಂಚಾಯಿತಿಗಳು ಮಾಡಬಹುದಾದದ್ದು

ಕಾಯಿದೆ ಮಾಡುವುದು ನಮ್ಮ ಕೈಯಲ್ಲಿಲ್ಲ. ಆದರೆ ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ, ಹೊಸ ಅನುದಾನಕ್ಕೆ ಕಾಯದೆ ಆರಂಭಿಸಬಹುದಾದ ಮೂರು ಕೆಲಸಗಳನ್ನು ಸಹೋದ್ಯೋಗಿಗಳ ಮುಂದಿಡುತ್ತೇನೆ.

ಮೊದಲನೆಯದು, ಗ್ರಾಮದಿಂದ ಸೇನೆಗೆ ಹೋಗಿರುವವರ ಪಟ್ಟಿಯನ್ನು ಅವರ ಒಪ್ಪಿಗೆಯೊಡನೆ ಸಿದ್ಧಪಡಿಸಿ, ಸೇವೆ ಮುಗಿಯಲು ಎರಡು ವರ್ಷ ಇರುವಾಗಲೇ ಪದವಿ ಮತ್ತು ಪರೀಕ್ಷೆಯ ಮಾಹಿತಿಯನ್ನು ತಲುಪಿಸುವುದು. ಎರಡನೆಯದು, ನಮ್ಮ ಗ್ರಂಥಾಲಯ ಮತ್ತು ಅರಿವು ಕೇಂದ್ರಗಳಲ್ಲಿ ಕಂಪ್ಯೂಟರ್ ಇರುವ ಕಡೆ ವಾರಕ್ಕೆ ಎರಡು ಸಂಜೆ ಅಣಕು ಪರೀಕ್ಷೆಗೆ ಸಮಯ ಮೀಸಲಿಡುವುದು, ಒಂದು ಇಂಗ್ಲಿಷ್ ದಿನಪತ್ರಿಕೆ ತರಿಸುವುದು. ಪರದೆಯ ಮೇಲೆ ಓದಿ, ಗಡಿಯಾರ ನೋಡುತ್ತ ಉತ್ತರಿಸುವ ಅಭ್ಯಾಸವಿಲ್ಲದವರು ವಿಷಯ ತಿಳಿದಿದ್ದರೂ ಸೋಲುತ್ತಾರೆ. ಮೂರನೆಯದು, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು ಕಂದಾಯ ಇಲಾಖೆಯವು. ಕೇಂದ್ರದ ಸಂಸ್ಥೆಗಳಿಗೆ ಕೇಂದ್ರದ ನಮೂನೆಯಲ್ಲೇ ಬೇಕು. ರಜೆಯಲ್ಲಿ ಬಂದವರ ಕೈಯಲ್ಲಿ ದಿನಗಳು ಕಡಿಮೆ. ಯಾವ ನಮೂನೆ, ಯಾವ ಕಚೇರಿ ಎಂಬುದನ್ನು ನಾವು ಮೊದಲೇ ತಿಳಿಸಿದರೆ ಅವರ ಒಂದು ರಜೆ ಉಳಿಯುತ್ತದೆ.

ತಂದೆತಾಯಿಯರಲ್ಲಿ ಒಂದು ವಿನಂತಿ. ಮಗನೋ ಮಗಳೋ ಊರಿಗೆ ಬಂದ ಮೊದಲ ತಿಂಗಳಲ್ಲಿ "ಮುಂದೇನು?" ಎಂದು ದಿನವೂ ಕೇಳಬೇಡಿ. ಓದುವುದೆಂದು ನಿರ್ಧರಿಸಿದರೆ ಒಂದು ವರ್ಷ ಕಾಲಾವಕಾಶ ಕೊಡಿ. ತರುಣರಲ್ಲಿ ಇನ್ನೊಂದು ವಿನಂತಿ. ಆ ಒಂದು ವರ್ಷಕ್ಕೆ ಒಂದು ಮಿತಿ ಹಾಕಿಕೊಳ್ಳಿ. ಎರಡು ಪ್ರಯತ್ನಗಳಲ್ಲಿ ಬಯಸಿದ್ದು ದೊರೆಯದಿದ್ದರೆ ನಾಲ್ಕನೆಯ ಬಾಗಿಲನ್ನೋ ನೌಕರಿಯನ್ನೋ ಗೌರವದಿಂದ ಆರಿಸಿಕೊಳ್ಳಿ. ಪರೀಕ್ಷೆಯೊಂದರ ಫಲಿತಾಂಶದಿಂದ ನೀವು ಸಲ್ಲಿಸಿದ ಸೇವೆಯ ಬೆಲೆ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ.

ಸಭೆಯ ನಂತರ ಅರ್ಜಿಯ ವಿವರಗಳನ್ನು ಕೇಳಬಯಸುವವರು ದಯವಿಟ್ಟು ಉಳಿಯಿರಿ. ಡಿಸ್ಚಾರ್ಜ್ ಪುಸ್ತಕ, ಅಂಕಪಟ್ಟಿಗಳನ್ನು ತಂದಿದ್ದರೆ ಒಟ್ಟಿಗೆ ಕುಳಿತು ನೋಡೋಣ. 

ಜೈ ಹಿಂದ್, ಜೈ ಕರ್ನಾಟಕ.